ಪದವಿಚಾರ: ತಂಗುವ ಮಾತು, ತಾಳುವ ಮಾತು



ನಮ್ಮ ಮನೆಗಳಲ್ಲಿ ಇಂಗ್ಲಿಷ್ ಭಾಷೆಯು ಈಗ ಅತಿಥಿಯಾಗಿ ಉಳಿದಿಲ್ಲ. ಮೊಮ್ಮಕ್ಕಳ ಪಠ್ಯಪುಸ್ತಕದಲ್ಲಿ, ಮಗನ ಕಚೇರಿಯ ಕಾಗದಪತ್ರಗಳಲ್ಲಿ, ದೂರದ ಊರಿನಲ್ಲಿರುವ ಮಗಳು ದೂರವಾಣಿಯಲ್ಲಿ ಆಡುವ ಮಾತಿನ ನಡುನಡುವೆ ಅದು ಮನೆಯವರಲ್ಲಿ ಒಬ್ಬರಂತೆ ಸೇರಿಕೊಂಡಿದೆ. ಸಂಸ್ಕೃತ ಮತ್ತು ಕನ್ನಡ ಪದಗಳ ಅರ್ಥವಿಚಾರಕ್ಕೆ ಮೀಸಲಾದ ಈ ಅಂಕಣದಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಇಂಗ್ಲಿಷ್ ನುಡಿಗಟ್ಟನ್ನು ಕೈಗೆತ್ತಿಕೊಂಡರೆ ವಾಚಕರು ಬೇಸರಿಸಲಾರರೆಂದು ನಂಬಿ, ಈ ಸಲ ‘ಪುಟ್ ಅಪ್ ವಿತ್’ ಎಂಬ ಮೂರು ಪದಗಳ ಕೂಟವನ್ನು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಇದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಓದುವ ವಿದ್ಯಾರ್ಥಿಯೊಬ್ಬನು ಅರ್ಜಿಯೊಂದರಲ್ಲಿ ‘ಐ ಆಮ್ ಪುಟಿಂಗ್ ಅಪ್ ವಿತ್ ಮೈ ಅಂಕಲ್’ ಎಂದು ಬರೆದನೆನ್ನೋಣ. ಅವನ ಮನಸ್ಸಿನಲ್ಲಿರುವುದು ‘ಚಿಕ್ಕಪ್ಪನ ಮನೆಯಲ್ಲಿ ಇಳಿದುಕೊಂಡಿದ್ದೇನೆ’ ಎಂಬ ಸರಳ ಸಂಗತಿ. ನಮ್ಮ ದೇಶದಲ್ಲಿ ‘ವೇರ್ ಆರ್ ಯು ಪುಟಿಂಗ್ ಅಪ್?’ ಎಂದು ಕೇಳಿದರೆ ‘ಎಲ್ಲಿ ಇಳಿದುಕೊಂಡಿದ್ದೀರಿ?’ ಎಂದೇ ತಿಳಿಯುವ ರೂಢಿ ಬಹಳ ಕಾಲದಿಂದ ಇರುವುದರಿಂದ ಇಲ್ಲಿಯ ಓದುಗನಿಗೆ ಅದರಲ್ಲಿ ಯಾವ ಲೋಪವೂ ಕಾಣುವುದಿಲ್ಲ. ಆದರೆ ಅದೇ ವಾಕ್ಯವು ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವನ ಕೈಗೆ ಹೋದರೆ ಅವನು ಓದುವ ಅರ್ಥವೇ ಬೇರೆ: ‘ನನ್ನ ಚಿಕ್ಕಪ್ಪನನ್ನು ಹೇಗೋ ಸಹಿಸಿಕೊಂಡಿದ್ದೇನೆ!’ ಅನ್ನವಿಟ್ಟು ಆಶ್ರಯ ಕೊಟ್ಟ ಹಿರಿಯನ ವಿಷಯದಲ್ಲಿ ಹುಡುಗನು ತಿಳಿಯದೆಯೇ ದೂರು ಬರೆದಂತಾಯಿತು. ಅವನು ಒಂದು ಅಕ್ಷರವನ್ನೂ ತಪ್ಪು ಬರೆದಿಲ್ಲ, ವ್ಯಾಕರಣವೂ ಕೆಟ್ಟಿಲ್ಲ. ಕೆಟ್ಟದ್ದು ಅರ್ಥ ಮಾತ್ರ. ಇಂತಹ ಕಡೆಗಳಲ್ಲಿ ಪದಕೋಶದಲ್ಲಿ ಒಂದೊಂದೇ ಪದವನ್ನು ಹುಡುಕಿದರೆ ಪ್ರಯೋಜನವಾಗದು. ‘ಪುಟ್’ ಎಂದರೆ ಇಡು, ‘ಅಪ್’ ಎಂದರೆ ಮೇಲೆ, ‘ವಿತ್’ ಎಂದರೆ ಜೊತೆಗೆ. ಈ ಮೂರನ್ನೂ ಕೂಡಿಸಿದರೆ ‘ಜೊತೆಗೆ ಮೇಲೆ ಇಡು’ ಎಂದಾದೀತೇ ಹೊರತು ‘ಸಹಿಸಿಕೊ’ ಎಂಬ ಅರ್ಥವು ಎಲ್ಲಿಂದಲೂ ಹೊರಡುವುದಿಲ್ಲ.

ಇದು ಇಂಗ್ಲಿಷಿನವರ ವಿಚಿತ್ರ ಚಾಳಿಯೆಂದು ಮಕ್ಕಳು ಗೊಣಗುವುದುಂಟು. ಆದರೆ ಸಂಸ್ಕೃತವನ್ನು ಸ್ವಲ್ಪವಾದರೂ ಬಲ್ಲವರಿಗೆ ಇದು ಹೊಸದಲ್ಲ. ‘ಹೃ’ ಎಂಬ ಧಾತುವಿಗೆ ‘ಒಯ್ಯು’ ಎಂಬುದು ಮೂಲಾರ್ಥ. ಅದಕ್ಕೆ ‘ಪ್ರ’ ಸೇರಿದರೆ ಪ್ರಹಾರ, ಅಂದರೆ ಹೊಡೆತ. ‘ಆ’ ಸೇರಿದರೆ ಆಹಾರ, ಅಂದರೆ ಊಟ. ‘ಸಂ’ ಸೇರಿದರೆ ಸಂಹಾರ, ಅಂದರೆ ನಾಶ. ‘ವಿ’ ಸೇರಿದರೆ ವಿಹಾರ, ಅಂದರೆ ಸಂಚಾರ. ‘ಪರಿ’ ಸೇರಿದರೆ ಪರಿಹಾರ, ಅಂದರೆ ನಿವಾರಣೆ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ಪಾಠಶಾಲೆಯ ಬಾಲಕರಿಗೆ ಮೊದಲ ವರ್ಷದಲ್ಲಿಯೇ ಹೇಳಿಕೊಡುತ್ತಾರೆ. ಊಟಕ್ಕೂ ಹೊಡೆತಕ್ಕೂ ಒಂದೇ ಧಾತುವೆಂದು ತಿಳಿದ ಬಾಲಕನು ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ದೀಪವನ್ನೋ ಬೆಂಕಿಯನ್ನೋ ಆರಿಸು, ‘ಪುಟ್ ಆನ್’ ಎಂದರೆ ಬಟ್ಟೆ ತೊಡು ಎಂದು ಕೇಳಿ ಬೆರಗಾಗಬೇಕಾದುದಿಲ್ಲ.

ಒಂದೇ ವ್ಯತ್ಯಾಸ. ಸಂಸ್ಕೃತದಲ್ಲಿ ಉಪಸರ್ಗವು ಧಾತುವಿಗಿಂತ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ ಆ ಕಿರುಪದವು ಕ್ರಿಯಾಪದದ ಅನಂತರ ಬರುತ್ತದೆ. ಈ ವ್ಯತ್ಯಾಸವೂ ಮೂಲದಿಂದ ಬಂದುದಲ್ಲ. ಪಾಣಿನಿಯು ಉಪಸರ್ಗಗಳನ್ನು ಧಾತುವಿನ ಮೊದಲು ಪ್ರಯೋಗಿಸಬೇಕೆಂದು ವಿಧಿಸಿ, ಅದರ ಬೆನ್ನಿಗೇ ವೇದಭಾಷೆಯಲ್ಲಿ ಅವು ಧಾತುವಿನ ಅನಂತರವೂ ಬರಬಹುದು, ನಡುವೆ ಬೇರೆ ಪದಗಳನ್ನು ಬಿಟ್ಟುಕೊಂಡೂ ಬರಬಹುದು ಎಂದು ಹೇಳಿದ್ದಾನೆ. ಅತ್ತ ಹಳೆಯ ಇಂಗ್ಲಿಷಿನಲ್ಲಿ ಇಂತಹ ಕಿರುಪದಗಳು ಕ್ರಿಯಾಪದಕ್ಕೆ ಮೊದಲು ಅಂಟಿಕೊಳ್ಳುತ್ತಿದ್ದುದು ಹೆಚ್ಚು. ‘ಅಂಡರ್‌ಸ್ಟ್ಯಾಂಡ್’, ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’ ಎಂಬ ಪದಗಳು ಆ ಕಾಲದ ಪಳೆಯುಳಿಕೆಗಳು. ಕಾಲಕ್ರಮದಲ್ಲಿ ಅವು ಕ್ರಿಯಾಪದವನ್ನು ಬಿಟ್ಟು ಹಿಂಬಾಲಿಸತೊಡಗಿ, ಇಂದು ಸಾವಿರಾರು ಜೋಡಿಗಳಾಗಿ ಬೆಳೆದಿವೆ.

ಇನ್ನು ಕನ್ನಡಕ್ಕೆ ಬಂದರೆ, ನಾವು ಈ ಕೆಲಸವನ್ನು ಕಿರುಪದಗಳಿಂದ ಮಾಡದೆ ಇನ್ನೊಂದು ಕ್ರಿಯಾಪದದಿಂದ ಮಾಡಿಸುತ್ತೇವೆ. ‘ನೋಡು’ ಎಂಬುದು ಕಣ್ಣಿನ ಕೆಲಸ. ‘ನೋಡಿಕೊಳ್ಳು’ ಎಂಬುದು ಕೈಯ ಕೆಲಸ, ಹೃದಯದ ಕೆಲಸ. ‘ಅಜ್ಜಿಯನ್ನು ನೋಡಿದೆ’ ಎನ್ನುವವನಿಗೂ ‘ಅಜ್ಜಿಯನ್ನು ನೋಡಿಕೊಂಡೆ’ ಎನ್ನುವವನಿಗೂ ಇರುವ ಅಂತರವನ್ನು ಯಾವ ಕನ್ನಡ ಮಗುವಿಗೂ ವಿವರಿಸಬೇಕಾಗಿಲ್ಲ. ‘ಲುಕ್ ಅಟ್’ ಎಂಬುದಕ್ಕೂ ‘ಲುಕ್ ಆಫ್ಟರ್’ ಎಂಬುದಕ್ಕೂ ಇರುವ ಅಂತರವೂ ಅದೇ. ‘ಹೋಗು’, ‘ಹೋಗಿಬಿಡು’, ‘ಹೊಡೆ’, ‘ಹೊಡೆದುಹಾಕು’, ‘ತಾಳು’, ‘ತಾಳಿಕೊಳ್ಳು’: ಇವುಗಳಲ್ಲಿ ಎರಡನೆಯ ಪದವು ತನ್ನ ಸ್ವಂತ ಅರ್ಥವನ್ನು ಬಹುಮಟ್ಟಿಗೆ ತೊರೆದು ಮೊದಲನೆಯದಕ್ಕೆ ಹೊಸ ಬಣ್ಣವನ್ನು ಕೊಡುತ್ತದೆ. ಆದುದರಿಂದ ಈ ವಿಷಯದಲ್ಲಿ ಕನ್ನಡದ ಮಕ್ಕಳು ಅಂಜಬೇಕಾದುದಿಲ್ಲ. ಇಂತಹ ಕೂಟಗಳನ್ನು ಇಡಿಯಾಗಿ ಗ್ರಹಿಸುವ ಅಭ್ಯಾಸವು ಅವರ ನಾಲಗೆಯಲ್ಲಿ ಮೊದಲೇ ಇದೆ.

ಅಂಜಿಕೆಯು ನಮ್ಮವರಿಗೆ ಮಾತ್ರ ಇರುವುದೂ ಅಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಪಂಡಿತನು 1755ರಲ್ಲಿ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದಾಗ, ಕ್ರಿಯಾಪದಕ್ಕೆ ಕಿರುಪದವನ್ನು ಸೇರಿಸಿ ಅರ್ಥವನ್ನು ಬದಲಿಸುವ ಈ ಪದ್ಧತಿಯೇ ಪರದೇಶೀಯರಿಗೆ ಅತ್ಯಂತ ಕಷ್ಟವನ್ನು ಕೊಡುತ್ತದೆಯೆಂದು ಅದರ ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾನೆ. ಇಂತಹ ಕೂಟಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದುದು ಬಹಳ ಈಚೆಗೆ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ವಿದ್ವಾಂಸನ 1925ರ ಗ್ರಂಥದಿಂದ ಅದು ಪ್ರಚಾರ ಪಡೆಯಿತು.

ಈಗ ‘ಪುಟ್ ಅಪ್’ ಎಂಬುದರ ಸಂಸಾರವನ್ನು ನೋಡೋಣ. ‘ಪುಟ್ ಅಪ್ ಯುವರ್ ಹ್ಯಾಂಡ್’ ಎಂದರೆ ಕೈ ಎತ್ತು. ‘ದೆ ಪುಟ್ ಅಪ್ ಎ ಟೆಂಟ್’ ಎಂದರೆ ಅವರು ಡೇರೆ ಹಾಕಿದರು. ‘ಪುಟ್ ಅಪ್ ಎ ನೋಟೀಸ್’ ಎಂದರೆ ಫಲಕದ ಮೇಲೆ ಸೂಚನೆಯನ್ನು ಹಚ್ಚು. ‘ದ ಶಾಪ್ ಹ್ಯಾಸ್ ಪುಟ್ ಅಪ್ ಇಟ್ಸ್ ಪ್ರೈಸಸ್’ ಎಂದರೆ ಅಂಗಡಿಯವರು ಬೆಲೆಯೇರಿಸಿದ್ದಾರೆ. ಇವೆಲ್ಲವುಗಳಲ್ಲಿಯೂ ‘ಮೇಲಕ್ಕೆ’ ಎಂಬ ಭಾವವು ಸ್ಪಷ್ಟವಾಗಿಯೇ ಇದೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರು ‘ಫೈಲ್ ಪುಟ್ ಅಪ್ ಮಾಡಿದ್ದೇನೆ’ ಎನ್ನುತ್ತಾರಲ್ಲ, ಅದೂ ಈ ಬಳಗದ್ದೇ. ಕಡತವನ್ನು ಮೇಲಧಿಕಾರಿಯ ಮುಂದೆ ಮಂಡಿಸುವುದು ಅದರ ತಾತ್ಪರ್ಯ. ‘ದೆ ಪುಟ್ ಅಸ್ ಅಪ್ ಫಾರ್ ಟು ನೈಟ್ಸ್’ ಎಂದರೆ ಅವರು ನಮಗೆ ಎರಡು ರಾತ್ರಿ ತಂಗಲು ಸ್ಥಳ ಕೊಟ್ಟರು. ನಮ್ಮವರ ‘ವೇರ್ ಆರ್ ಯು ಪುಟಿಂಗ್ ಅಪ್?’ ಎಂಬ ಪ್ರಶ್ನೆಯು ಈ ಕೊನೆಯ ಅರ್ಥದ ಮಗು.

ಈ ಸಂಸಾರಕ್ಕೆ ‘ವಿತ್’ ಎಂಬುದು ಬಂದು ಸೇರಿದೊಡನೆ ಚಿತ್ರವು ಬದಲಾಗುತ್ತದೆ. ಅದು ಹೇಗಾಯಿತೆಂಬುದಕ್ಕೆ ಹಳೆಯ ಬಳಕೆಯಲ್ಲಿ ಒಂದು ಸುಳಿವು ಸಿಗುತ್ತದೆ. ಹಿಂದಿನ ಇಂಗ್ಲಿಷಿನಲ್ಲಿ ‘ಪುಟ್ ಅಪ್’ ಎಂದರೆ ವಸ್ತುವನ್ನು ಅದರ ಸ್ಥಾನದೊಳಗೆ ಸೇರಿಸಿಡುವುದು ಎಂಬ ಅರ್ಥವೂ ಇತ್ತು. ಕತ್ತಿಯನ್ನು ಒರೆಗೆ ಸೇರಿಸು ಎಂಬುದಕ್ಕೆ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇದೇ ಪ್ರಯೋಗವಿದೆ. ಒಬ್ಬನು ಅವಮಾನ ಮಾಡಿದಾಗ ಕತ್ತಿಯನ್ನು ಹಿರಿಯದೆ, ಆ ಅವಮಾನವನ್ನೇ ಜೇಬಿನೊಳಗೆ ಹಾಕಿಕೊಂಡಂತೆ ಸುಮ್ಮನಾಗುವುದನ್ನೂ ಅವರು ‘ಪುಟ್ ಅಪ್’ ಎಂದೇ ಹೇಳುತ್ತಿದ್ದರು. ನಾವು ‘ಅವಮಾನವನ್ನು ನುಂಗಿಕೊಂಡ’ ಎನ್ನುತ್ತೇವೆ. ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎಂದೂ ಕೇಳಿಕೊಳ್ಳುತ್ತೇವೆ. ಅವರು ಜೇಬಿಗೆ ಹಾಕಿಕೊಂಡರೆ ನಾವು ಹೊಟ್ಟೆಗೆ ಹಾಕಿಕೊಂಡೆವು. ‘ಹಾಕು’ ಎಂಬ ಕ್ರಿಯೆ ಎರಡು ಕಡೆಯೂ ಒಂದೇ.

ಇನ್ನು ಪ್ರಯೋಗದ ನಿಯಮಗಳು. ಮಕ್ಕಳಿಗೆ ಹೇಳಿಕೊಡುವ ತಂದೆತಾಯಿಗಳು ಇವನ್ನು ಗಮನದಲ್ಲಿಟ್ಟರೆ ಸಾಕು.

ಮೊದಲನೆಯದು ಉಚ್ಚಾರಣೆ. ‘ಬಟ್’, ‘ಕಟ್’ ಎಂಬುವುಗಳ ಕಾಗುಣಿತವನ್ನು ನೋಡಿ ಇದನ್ನು ‘ಪಟ್’ ಎಂದು ಓದಬಾರದು. ‘ಪುಟ’ ಎಂಬಲ್ಲಿರುವ ಹ್ರಸ್ವ ಉಕಾರವೇ ಇಲ್ಲಿಯದು. ಮೂರು ಪದಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ, ನಡುವಣ ‘ಅಪ್’ ಎಂಬುದರ ಮೇಲೆ ಒತ್ತು ಕೊಡಬೇಕು. ವೇಗವಾಗಿ ಹೇಳಿದಾಗ ನಮ್ಮ ಕಿವಿಗೆ ‘ಪುಟ್ಟಪ್ಪ’ ಎಂಬ ಹೆಸರಿನಂತೆ ಕೇಳಿಸಿದರೆ ಮಕ್ಕಳು ನಗಲಿ. ನಕ್ಕು ಕಲಿತದ್ದು ಮರೆಯುವುದಿಲ್ಲ.

ಎರಡನೆಯದು ಕಾಲ. ‘ಪುಟ್’ ಎಂಬುದು ಭೂತಕಾಲದಲ್ಲಿಯೂ ‘ಪುಟ್’ ಆಗಿಯೇ ಇರುತ್ತದೆ. ‘ಪುಟ್ಟೆಡ್’ ಎಂಬ ರೂಪವು ಇಲ್ಲ. ‘ಶಿ ಪುಟ್ಸ್ ಅಪ್ ವಿತ್ ಎ ಲಾಟ್’ ಎಂದರೆ ಅವಳು ಬಹಳಷ್ಟನ್ನು ಸಹಿಸಿಕೊಳ್ಳುತ್ತಾಳೆ. ‘ಶಿ ಪುಟ್ ಅಪ್ ವಿತ್ ಎ ಲಾಟ್’ ಎಂದರೆ ಸಹಿಸಿಕೊಂಡಳು.

ಮೂರನೆಯದು ಸ್ಥಾನ. ‘ಪುಟ್ ಆಫ್’ ಮೊದಲಾದ ಕೂಟಗಳನ್ನು ಬಿಡಿಸಬಹುದು. ‘ಪುಟ್ ಆಫ್ ದ ವೆಡಿಂಗ್’ ಎಂದರೂ ಸರಿ, ‘ಪುಟ್ ದ ವೆಡಿಂಗ್ ಆಫ್’ ಎಂದರೂ ಸರಿ. ‘ಇಟ್’ ಎಂಬ ಸರ್ವನಾಮವಾದರೆ ನಡುವೆಯೇ ಬಂದು ‘ಪುಟ್ ಇಟ್ ಆಫ್’ ಎಂದಾಗಬೇಕು. ‘ಪುಟ್ ಅಪ್ ವಿತ್’ ಹಾಗಲ್ಲ. ಈ ಮೂವರು ಕೈಬಿಡದ ಸಹೋದರರು. ಸಹಿಸಬೇಕಾದ ವಸ್ತುವಾಗಲಿ ವ್ಯಕ್ತಿಯಾಗಲಿ ‘ವಿತ್’ ಎಂಬುದರ ಆಚೆಗೆ ನಿಲ್ಲಬೇಕು. ‘ವಿ ಕೆನಾಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್’, ಅಂದರೆ ಈ ಗದ್ದಲವನ್ನು ನಾವು ಸಹಿಸಲಾರೆವು. ‘ಹೌ ಡು ಯು ಪುಟ್ ಅಪ್ ವಿತ್ ಇಟ್?’, ಅಂದರೆ ನೀವು ಅದನ್ನು ಹೇಗೆ ತಾಳಿಕೊಳ್ಳುತ್ತೀರಿ? ‘ಪುಟ್ ಇಟ್ ಅಪ್ ವಿತ್’ ಎಂದರೆ ಅದು ಇಂಗ್ಲಿಷ್ ಆಗುವುದಿಲ್ಲ.

ನಾಲ್ಕನೆಯದು ಕ್ರಿಯೆಯನ್ನು ಸೇರಿಸುವ ಬಗೆ. ‘ವಿತ್’ ಎಂಬುದರ ಮುಂದೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಪ್ರತ್ಯಯ ಬೇಕು, ‘ಟು’ ಸಲ್ಲದು. ‘ಶಿ ಹ್ಯಾಸ್ ಟು ಪುಟ್ ಅಪ್ ವಿತ್ ಬೀಯಿಂಗ್ ಕಂಪೇರ್ಡ್ ಟು ಹರ್ ಸಿಸ್ಟರ್’ ಎಂದರೆ, ತನ್ನನ್ನು ಅಕ್ಕನೊಡನೆ ಹೋಲಿಸಿ ನೋಡುವುದನ್ನು ಅವಳು ಸಹಿಸಿಕೊಳ್ಳಬೇಕಾಗಿದೆ. ‘ಐ ವಿಲ್ ನಾಟ್ ಪುಟ್ ಅಪ್ ವಿತ್ ಹಿಸ್ ಶೌಟಿಂಗ್ ಅಟ್ ದ ಚಿಲ್ಡ್ರನ್’ ಎಂದರೆ, ಅವನು ಮಕ್ಕಳ ಮೇಲೆ ಕೂಗಾಡುವುದನ್ನು ನಾನು ಸಹಿಸುವುದಿಲ್ಲ. ಈ ನುಡಿಗಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೀಗೆ ‘ಆಗದು’, ‘ಒಲ್ಲೆ’, ‘ಬೇಕಾಗಿದೆ’ ಎಂಬರ್ಥದ ಪದಗಳ ಬೆನ್ನಿಗೇ ಎಂಬುದನ್ನು ವಾಚಕರು ಗಮನಿಸಬೇಕು.

ಐದನೆಯದು ಔಚಿತ್ಯ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ಆ ಭಾಷೆಯೊಳಗೆ ಹೇರಳವಾಗಿ ಬಂದವು. ಅದರ ಫಲವಾಗಿ ಅನೇಕ ಅರ್ಥಗಳಿಗೆ ಅವರಲ್ಲಿ ಎರಡೆರಡು ಮಾತುಗಳಿವೆ: ಒಂದು ಮನೆಯದು, ಇನ್ನೊಂದು ಸಭೆಯದು. ಮನೆಯಲ್ಲಿ ‘ಪುಟ್ ಆಫ್’, ಸಭೆಯಲ್ಲಿ ‘ಪೋಸ್ಟ್‌ಪೋನ್’. ಮನೆಯಲ್ಲಿ ‘ಪುಟ್ ಔಟ್’, ಸಭೆಯಲ್ಲಿ ‘ಎಕ್ಸ್‌ಟಿಂಗ್ವಿಶ್’. ಮನೆಯಲ್ಲಿ ‘ಪುಟ್ ಅಪ್ ವಿತ್’, ಸಭೆಯಲ್ಲಿ ‘ಟಾಲರೇಟ್’. ನಮ್ಮಲ್ಲಿ ‘ತಾಳಿಕೊಳ್ಳು’, ‘ಸಹಿಸು’ ಎಂಬ ದೇಶ್ಯ ಮತ್ತು ಸಂಸ್ಕೃತಮೂಲ ಪದಗಳು ಜೊತೆಜೊತೆಗೆ ಬಾಳುವಂತೆಯೇ ಇದು. ಆದುದರಿಂದ ಸರ್ಕಾರಕ್ಕೆ ಬರೆಯುವ ಮನವಿಯಲ್ಲಿ, ನ್ಯಾಯಾಲಯದ ಕಾಗದದಲ್ಲಿ ‘ಟಾಲರೇಟ್’ ಎಂಬುದು ಒಪ್ಪುತ್ತದೆ; ಗೆಳೆಯನಿಗೆ ಬರೆಯುವ ಪತ್ರದಲ್ಲಿ, ಮಾತುಕತೆಯಲ್ಲಿ ‘ಪುಟ್ ಅಪ್ ವಿತ್’ ಸಹಜವಾಗಿರುತ್ತದೆ.

ಔಚಿತ್ಯದ ವಿಷಯದಲ್ಲಿ ಇನ್ನೂ ಮೂರು ಸೂಕ್ಷ್ಮಗಳಿವೆ. ಉದ್ಯೋಗದ ಸಂದರ್ಶನದಲ್ಲಿ ‘ಹಿರಿಯರೊಡನೆ ಹೊಂದಿಕೊಂಡು ಹೋಗುತ್ತೇನೆ’ ಎಂದು ಹೇಳಬಯಸುವ ತರುಣನು ‘ಐ ಕ್ಯಾನ್ ಪುಟ್ ಅಪ್ ವಿತ್ ಮೈ ಸೀನಿಯರ್ಸ್’ ಎಂದರೆ ಕೆಲಸ ಕೊಡುವವನ ಹುಬ್ಬು ಮೇಲೇರುವುದು ಖಂಡಿತ. ಅಲ್ಲಿ ‘ಗೆಟ್ ಆನ್ ವಿತ್’ ಎಂಬುದು ಬೇಕು. ಸಂತಾಪದ ಪತ್ರದಲ್ಲಿ, ತಂದೆಯನ್ನು ಕಳೆದುಕೊಂಡವನಿಗೆ ದುಃಖವನ್ನು ‘ಪುಟ್ ಅಪ್ ವಿತ್’ ಮಾಡುವ ಶಕ್ತಿ ಬರಲೆಂದು ಬರೆಯಬಾರದು. ಗದ್ದಲ, ಸೆಕೆ, ವಿಳಂಬ, ಒರಟು ನಡತೆ, ನಿತ್ಯದ ಕಿರಿಕಿರಿ, ಇವು ಈ ನುಡಿಗಟ್ಟಿಗೆ ಸಲ್ಲುವ ವಸ್ತುಗಳು. ಸಾವಿನ ದುಃಖಕ್ಕೆ ‘ಬೇರ್’ ಎಂಬ ಪದವೇ ಯೋಗ್ಯ. ‘ಬೇರ್’ ಎಂದರೆ ಹೊರು. ಸಂಸ್ಕೃತದ ‘ಭಾರ’ ಎಂಬುದೂ ಅದೂ ಒಂದೇ ಮೂಲದಿಂದ ಬಂದ ದಾಯಾದಿಗಳು. ಮೂರನೆಯದು ಕೃತಜ್ಞತೆಯ ಮಾತು. ಪರದೇಶದಲ್ಲಿ ಯಾರದಾದರೂ ಮನೆಯಲ್ಲಿ ಉಳಿದು ಬಂದವರು ‘ಥ್ಯಾಂಕ್ ಯು ಫಾರ್ ಪುಟಿಂಗ್ ಅಸ್ ಅಪ್’ ಎಂದು ಬರೆದರೆ ‘ತಂಗಲು ಎಡೆ ಕೊಟ್ಟದ್ದಕ್ಕೆ ವಂದನೆ’ ಎಂದಾಗುತ್ತದೆ. ‘ಥ್ಯಾಂಕ್ ಯು ಫಾರ್ ಪುಟಿಂಗ್ ಅಪ್ ವಿತ್ ಅಸ್’ ಎಂದರೆ ‘ನಮ್ಮ ಕಾಟವನ್ನು ಸಹಿಸಿಕೊಂಡದ್ದಕ್ಕೆ ವಂದನೆ’ ಎಂದಾಗುತ್ತದೆ. ಎರಡನೆಯದು ವಿನಯದ ವಿನೋದ, ಸಲುಗೆಯಿದ್ದಲ್ಲಿ ಚೆಂದ. ಆದರೆ ತನ್ನ ವಿಷಯದಲ್ಲಿ ಮಾತ್ರ ಹಾಗೆ ಹೇಳಿಕೊಳ್ಳಬಹುದು. ಆತಿಥೇಯರ ವಿಷಯದಲ್ಲಿ ‘ವಿ ಪುಟ್ ಅಪ್ ವಿತ್ ದೆಮ್’ ಎಂದರೆ ಅನ್ನದ ಋಣಕ್ಕೆ ಅಪಚಾರವಾಗುತ್ತದೆ.

ಇಷ್ಟು ವ್ಯಾಕರಣವಾಯಿತು. ಈಗ ಅರ್ಥದ ಒಳಗೆ ಇನ್ನೊಂದು ಹೆಜ್ಜೆ ಇಡೋಣ. ಏಕೆಂದರೆ ಈ ನುಡಿಗಟ್ಟನ್ನು ಆಡುವುದಕ್ಕಿಂತ ಕೇಳಿ ತಿಳಿಯುವುದು ನಮ್ಮ ಮನೆಗಳಿಗೆ ಹೆಚ್ಚು ಅಗತ್ಯವೆಂದು ನಾವು ಬಗೆಯುತ್ತೇವೆ.

ಸಹನೆಯನ್ನು ಸೂಚಿಸುವ ಮಾತುಗಳು ಕನ್ನಡದಲ್ಲಿ ಹಲವು. ‘ಹೊಂದಿಕೊಳ್ಳು’ ಎಂದರೆ ಹೊಸ ಸ್ಥಿತಿಗೆ ತಕ್ಕಂತೆ ತನ್ನನ್ನು ತಾನು ತಿದ್ದಿಕೊಳ್ಳುವುದು. ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂದು ಬಸ್ಸಿನಲ್ಲಿ ಕೇಳುವ ಮಾತು ಈ ಜಾತಿಯದು. ಮೂವರ ಆಸನದಲ್ಲಿ ನಾಲ್ವರು ಕುಳಿತಾಗ ಎಲ್ಲರೂ ಅಷ್ಟಷ್ಟು ಸರಿಯುತ್ತಾರೆ. ‘ಹೊಟ್ಟೆಗೆ ಹಾಕಿಕೊಳ್ಳು’ ಎಂದರೆ ಪ್ರೀತಿಯಿಂದ ಕ್ಷಮಿಸುವುದು. ಅಲ್ಲಿ ಗಾಯವು ಉಳಿಯುವುದಿಲ್ಲ. ‘ಸಹಿಸು’ ಎಂಬುದು ಇನ್ನೂ ಎತ್ತರದ ಮಾತು. ಅದರ ಮೂಲವಾದ ‘ಸಹ್’ ಧಾತುವಿಗೆ ವೇದಭಾಷೆಯಲ್ಲಿ ‘ಗೆಲ್ಲು’, ‘ಮೇಲುಗೈ ಪಡೆ’ ಎಂಬ ಅರ್ಥವಿತ್ತು. ಬಲವೆಂಬ ಅರ್ಥದ ‘ಸಹಸ್’ ಎಂಬುದೂ, ಅದರಿಂದ ಹುಟ್ಟಿದ ‘ಸಾಹಸ’ ಎಂಬುದೂ ಅದೇ ಧಾತುವಿನ ಸಂತಾನ. ನಿಜವಾದ ಸಹನೆಯು ದುರ್ಬಲನ ಅಸಹಾಯಕತೆಯಲ್ಲ, ಬಲಶಾಲಿಯು ತಾನಾಗಿ ಆರಿಸಿಕೊಂಡ ಸಂಯಮ ಎಂಬುದನ್ನು ಈ ಪದದ ಹುಟ್ಟೇ ಸಾರುತ್ತದೆ.

‘ಪುಟ್ ಅಪ್ ವಿತ್’ ಎಂಬುದು ಇವು ಮೂರೂ ಅಲ್ಲ. ಅದರಲ್ಲಿ ಹೊಂದಿಕೆಯಿಲ್ಲ, ಕ್ಷಮೆಯಿಲ್ಲ, ಗೆಲುವೂ ಇಲ್ಲ. ‘ಇದು ಸರಿಯಲ್ಲವೆಂದು ನನಗೆ ಗೊತ್ತಿದೆ, ಬದಲಿಸಲು ಆಗುತ್ತಿಲ್ಲ, ಆದುದರಿಂದ ಸದ್ಯಕ್ಕೆ ತಾಳಿಕೊಂಡಿದ್ದೇನೆ’ ಎಂಬ ಮೂರು ಮಾತುಗಳು ಅದರೊಳಗೆ ಅಡಗಿವೆ. ಮೊದಲನೆಯದರಲ್ಲಿ ತೀರ್ಪಿದೆ, ಎರಡನೆಯದರಲ್ಲಿ ನಿಸ್ಸಹಾಯಕತೆಯಿದೆ, ಮೂರನೆಯದರಲ್ಲಿ ಗಡುವಿದೆ.

ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಹೆಸರಿಲ್ಲದೆ ಹೇಳುತ್ತೇವೆ. ಆ ಮನೆಯ ಮಗಳನ್ನು ಪುಣೆಗೆ ಕೊಟ್ಟಿದ್ದರು. ಹುಡುಗಿ ಓದಿದವಳು, ಉದ್ಯೋಗದಲ್ಲಿದ್ದವಳು. ಮದುವೆಯಾದ ಕೆಲವು ತಿಂಗಳಿಗೆ ತಮ್ಮನು ಹೇಗಿದ್ದೀಯೆಂದು ವಿಚಾರಿಸಿದಾಗ ಅವಳು ‘ಐ ಆಮ್ ಪುಟಿಂಗ್ ಅಪ್ ವಿತ್ ಥಿಂಗ್ಸ್ ಹಿಯರ್’ ಎಂಬ ಒಂದೇ ಸಾಲಿನ ಉತ್ತರವನ್ನು ಬರೆದು ಕಳುಹಿಸಿದಳು. ತಮ್ಮನು ‘ಪುಟಿಂಗ್ ಅಪ್’ ಎಂದರೆ ಇಳಿದುಕೊಳ್ಳುವುದೆಂದು ಬಲ್ಲವನು. ತಂದೆಗೆ ಅವನು, “ಅಲ್ಲಿ ಎಲ್ಲಾ ವ್ಯವಸ್ಥೆ ಆಗಿದೆಯಂತೆ ಅಪ್ಪಾ, ಅಕ್ಕ ಆರಾಮಾಗಿ ಇದ್ದಾಳೆ” ಎಂದು ತಿಳಿಸಿದನು. ತಂದೆಯೂ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಇದಾಗಿ ಹಲವು ವಾರ ಕಳೆದ ಮೇಲೆ, ಊರಿನ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಮನೆಗೆ ಬಂದಿದ್ದಾಗ ಮಾತಿಗೆ ಮಾತು ಬಂದು ಹುಡುಗನು ಆ ಸಾಲನ್ನು ಓದಿ ಹೇಳಿದನು. ಅಧ್ಯಾಪಕರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, “ಯಜಮಾನರೇ, ಮಗಳು ತಂಗಿದ್ದೇನೆ ಅಂತ ಬರೆದಿಲ್ಲ, ತಾಳಿಕೊಂಡಿದ್ದೇನೆ ಅಂತ ಬರೆದಿದ್ದಾಳೆ. ಇವತ್ತೇ ಮಾತನಾಡಿಸಿ” ಎಂದರು.

ಅಂದು ಸಂಜೆ ತಾಯಿ ಮಾತನಾಡಿಸಿದಾಗ ಹುಡುಗಿ ಮೊದಲು ಏನನ್ನೂ ಹೇಳಲಿಲ್ಲ. “ಸುಮ್ಮನೆ ಬರೆದೆ ಅವ್ವಾ” ಎಂದಳು. ತಾಯಿ ಬಿಡಲಿಲ್ಲ. ಹೊರಗಿನ ದುಡಿಮೆ ಮುಗಿಸಿ ಬಂದ ಮೇಲೆ ಮನೆಯ ಅಷ್ಟೂ ಕೆಲಸ ಅವಳೊಬ್ಬಳದೇ ಆಗಿತ್ತೆಂಬುದೂ, ಸಂಬಳದಲ್ಲಿ ಒಂದು ಬಿಡಿಕಾಸೂ ಅವಳ ಕೈಯಲ್ಲಿ ಉಳಿಯುತ್ತಿರಲಿಲ್ಲವೆಂಬುದೂ, ತವರಿನ ಮಾತು ಎತ್ತಿದರೆ ಚುಚ್ಚುನುಡಿಗಳು ಬರುತ್ತಿದ್ದವೆಂಬುದೂ ಒಂದೊಂದಾಗಿ ಹೊರಬಿದ್ದವು. ಎರಡೂ ಕಡೆಯ ಹಿರಿಯರು ಕುಳಿತು ಮಾತನಾಡಿದರು. ಅಳಿಯನು ತನ್ನ ಪಾಲಿನದನ್ನು ಒಪ್ಪಿಕೊಂಡನು. ಕೆಲವು ಸಂಗತಿಗಳು ಸರಿಹೋದವು, ಕೆಲವು ಇನ್ನೂ ಸರಿಹೋಗಬೇಕಾಗಿವೆ. ಆದರೆ ಈಗ ಅವಳ ಭಾರವು ಅವಳೊಬ್ಬಳದಲ್ಲ.

ಆ ಹುಡುಗಿಯು ತನ್ನ ಕಷ್ಟವನ್ನು ಇಂಗ್ಲಿಷಿನಲ್ಲಿ ಏಕೆ ಬರೆದಳು ಎಂದು ವಾಚಕರು ಕೇಳಬಹುದು. ‘ಅವ್ವಾ, ತಾಳಿಕೊಂಡಿದ್ದೇನೆ’ ಎಂದು ಕನ್ನಡದಲ್ಲಿ ಬರೆದಿದ್ದರೆ ತಾಯಿಯ ಎದೆ ಒಡೆಯುತ್ತಿತ್ತೆಂಬುದು ಅವಳಿಗೆ ಗೊತ್ತು. ತಾಯ್ನುಡಿಯಲ್ಲಿ ಹೇಳಿದ ನೋವು ಕೂಡಲೇ ಮನೆಯ ನಡುಮನೆಗೆ ಬಂದು ನಿಲ್ಲುತ್ತದೆ. ಕಲಿತ ನುಡಿಯಲ್ಲಿ ಹೇಳಿದ ನೋವು ಬಾಗಿಲ ಹೊರಗೆ ನಿಂತು ಕರೆಯುತ್ತದೆ. ಇಂದಿನ ಮಕ್ಕಳು ಹೇಳಲಾರದುದನ್ನೂ ಹೇಳದೆ ಇರಲಾರದುದನ್ನೂ ಹೀಗೆ ಬಾಗಿಲ ಹೊರಗಿನಿಂದ ಹೇಳುತ್ತಾರೆ. ಬಾಗಿಲು ತೆರೆಯಬೇಕಾದವರು ಹಿರಿಯರು. ಅದಕ್ಕಾಗಿ ಅವರು ಇಂಗ್ಲಿಷಿನ ಪಂಡಿತರಾಗಬೇಕಾದುದಿಲ್ಲ. ಮಕ್ಕಳ ಸಂದೇಶದಲ್ಲಿ ಅರ್ಥವಾಗದ ಒಂದು ಮಾತು ಬಂದರೆ ‘ಎಲ್ಲ ಸರಿಯಿದೆ’ ಎಂದು ಊಹಿಸಿಕೊಳ್ಳದೆ, ‘ಇದರ ಅರ್ಥವೇನಮ್ಮಾ?’ ಎಂದು ಮಕ್ಕಳನ್ನೇ ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಹೇಳುವಾಗ ಮಕ್ಕಳು ಪದದ ಅರ್ಥದ ಜೊತೆಗೆ ಮನಸ್ಸಿನ ಮಾತನ್ನೂ ಹೇಳುತ್ತಾರೆ.

ಹಾಗೆಂದು ಎಲ್ಲ ತಾಳಿಕೆಯೂ ತಪ್ಪೆಂದು ನಾವು ಹೇಳುತ್ತಿಲ್ಲ. ಪಕ್ಕದ ಮನೆಯ ಕಟ್ಟಡದ ಗದ್ದಲವನ್ನು ನಾಲ್ಕು ತಿಂಗಳು ತಾಳಿಕೊಳ್ಳುವುದು ನೆರೆಹೊರೆಯ ಧರ್ಮ. ವಯಸ್ಸಾದ ಮಾವನವರ ಮರೆವನ್ನು, ಒಂದೇ ಕಥೆಯನ್ನು ಹತ್ತು ಬಾರಿ ಹೇಳುವ ಅತ್ತೆಯವರ ಅಭ್ಯಾಸವನ್ನು ತಾಳಿಕೊಳ್ಳುವುದು ಸಂಸಾರದ ಸೊಗಸು. ನಾಳೆ ನಮ್ಮನ್ನೂ ಯಾರೋ ಹಾಗೆಯೇ ತಾಳಿಕೊಳ್ಳಬೇಕಾಗಿದೆ. ಆದರೆ ಹಂಗಿಸುವ ಮಾತು, ಕೈಯೆತ್ತುವ ಕೋಪ, ದುಡಿದ ಹಣದ ಅಪಹರಣ, ಇವುಗಳ ಮುಂದೆ ‘ಪುಟ್ ಅಪ್ ವಿತ್’ ಎಂಬುದು ‘ನಾಟ್’ ಎಂಬ ಪದವನ್ನು ಜೊತೆಗೆ ಕರೆದುಕೊಂಡೇ ಬರಬೇಕು. ಮಗಳಿಗೆ ‘ಹೊಂದಿಕೊಂಡು ಹೋಗಮ್ಮಾ’ ಎಂದು ಬುದ್ಧಿ ಹೇಳುವ ಹಿರಿಯರು, ತಾವು ಕೇಳುತ್ತಿರುವುದು ಹೊಂದಿಕೆಯನ್ನೋ ತಾಳಿಕೆಯನ್ನೋ ಎಂದು ಒಮ್ಮೆ ತಮ್ಮನ್ನೇ ಕೇಳಿಕೊಳ್ಳುವುದು ಒಳಿತು. ಹೊಂದಿಕೆಯಲ್ಲಿ ಬಸ್ಸಿನ ಆಸನದಂತೆ ಎಲ್ಲರೂ ಅಷ್ಟ ಇಷ್ಟು ಸರಿಯುತ್ತಾರೆ. ತಾಳಿಕೆಯಲ್ಲಿ ಒಬ್ಬರೇ ನಿಂತಿರುತ್ತಾರೆ.

ಕೊನೆಯಲ್ಲಿ ಮಕ್ಕಳಿಗಾಗಿ ಒಂದು ಅಭ್ಯಾಸ. ಮನೆಯವರೆಲ್ಲ ರಾತ್ರಿಯ ಪ್ರಸಾದಕ್ಕೆ ಕುಳಿತಾಗ ಈ ನಾಲ್ಕು ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿರಿ: ಸೋದರಮಾವನು ನಮಗೆ ಒಂದು ವಾರ ತಂಗಲು ಎಡೆ ಕೊಟ್ಟನು. ಈ ಸೆಕೆಯನ್ನು ನಾವು ತಾಳಲಾರೆವು. ಅವರು ಮದುವೆಯನ್ನು ಮುಂದೂಡಿದರು. ಅಜ್ಜಿಯನ್ನು ನಾನು ನೋಡಿಕೊಳ್ಳುತ್ತೇನೆ. ನಾಲ್ಕಕ್ಕೂ ಬೇಕಾದ ಸಾಮಗ್ರಿಯು ಮೇಲಿನ ಬರಹದಲ್ಲಿಯೇ ಇದೆ. ಮೊದಲನೆಯದರಲ್ಲಿ ‘ವಿತ್’ ಬರಕೂಡದು, ಎರಡನೆಯದರಲ್ಲಿ ಬಿಡಕೂಡದು. ಇಷ್ಟನ್ನು ಮರೆಯದಿದ್ದರೆ ಸಾಕು.

ಮುಂದಿನ ಸಂಚಿಕೆಯಲ್ಲಿ ‘ಕೊಡು’ ಎಂಬ ಅರ್ಥದ ‘ಗಿವ್’ ಎಂಬುದು ‘ಅಪ್’, ‘ಇನ್’ ಎಂಬ ಕಿರುಪದಗಳೊಡನೆ ಕೂಡಿ ‘ತೊರೆ’, ‘ಮಣಿ’ ಎಂಬ ಅರ್ಥಗಳನ್ನು ತಾಳುವ ಬಗೆಯನ್ನು ವಿಚಾರಿಸೋಣ.